ಹದವೂ ಅಳತೆಯೂ: ನಾಯಿಯೂಟದ ಪಾಕಬರೆಹಗಳನ್ನು ಕುರಿತು

೧

ಅಡುಗೆಯ ಬರೆಹವನ್ನು ವಿಮರ್ಶೆಯ ಒರೆಗಲ್ಲಿಗೆ ಹಚ್ಚುವುದು ಕನ್ನಡದ ಮಟ್ಟಿಗೆ ಅನುಚಿತವೆಂದು ತೋರಲಾರದು. ೧೧ನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕವೂ ವೈದ್ಯವೂ ಒಂದೇ ಹೊತ್ತಗೆಯೊಳಗೆ ನೆರೆಹೊರೆಯಾಗಿ ಬಾಳುತ್ತವೆ. ೧೬ನೆಯ ಶತಮಾನದ ಆರಂಭಕ್ಕೆ ಸೇರಿದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಅಡುಗೆಯ ವಿಧಾನಗಳನ್ನು ಷಟ್ಪದಿಯಲ್ಲಿ ಕಟ್ಟಿಕೊಟ್ಟಿದೆ. ಪಶುಗಳ ಪಾಲನೆಯೂ ನಮ್ಮ ಪೂರ್ವಿಕರ ಲೇಖನಿಗೆ ಹೊರತಾಗಿರಲಿಲ್ಲ. ಚಾಲುಕ್ಯ ರಾಜವಂಶದ ಕೀರ್ತಿವರ್ಮನು ೧೨ನೆಯ ಶತಮಾನದ ಆದಿಭಾಗದ ಸುಮಾರಿಗೆ ‘ಗೋವೈದ್ಯ’ವನ್ನು ರಚಿಸಿದನು. ಹೀಗೆ ಅಡುಗೆ, ಮದ್ದು, ಪಶು ಈ ಮೂರನ್ನೂ ಬರೆಹಕ್ಕೆ ತಕ್ಕ ವಸ್ತುಗಳೆಂದು ಒಪ್ಪಿಕೊಂಡ ಪರಂಪರೆಯೊಂದು ನಮಗಿದೆ. ಈ ಮೂರೂ ಒಂದೆಡೆ ಕೂಡುವ ಒಂದು ಹೊಸ ಗದ್ಯಪ್ರಕಾರವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಸಾಕಿದ ನಾಯಿಗೆ ಮನೆಯಲ್ಲಿಯೇ ಸಮತೋಲವಾದ ಊಟವನ್ನು ಬೇಯಿಸಿಕೊಡುವುದು ಹೇಗೆಂದು ತಿಳಿಸುವ ಬರೆಹಗಳು ಈಚಿನ ದಶಕಗಳಲ್ಲಿ ಬಹುವಾಗಿ ಬೆಳೆದಿವೆ. ಅವು ಅಡುಗೆಯ ಪುಸ್ತಕಗಳ ಕೊನೆಯ ಪುಟಗಳಲ್ಲಿಯೂ ಪತ್ರಿಕೆಗಳ ಅಂಕಣಗಳಲ್ಲಿಯೂ ಕಾಣಸಿಗುತ್ತವೆ. ಸ್ನೇಹಿತರು ಒಬ್ಬರಿಗೊಬ್ಬರು ಬರೆದು ಕಳುಹಿಸುವುದೂ ಉಂಟು. ಇವುಗಳ ಹಿಂದಿರುವ ಪ್ರೇರಣೆಯನ್ನು ಹಗುರವಾಗಿ ಕಾಣುವುದು ತರವಲ್ಲ. ೨೦೦೭ರಲ್ಲಿ ಉತ್ತರ ಅಮೆರಿಕದಲ್ಲಿ ಮಾರಾಟವಾದ ನಾಯಿಬೆಕ್ಕುಗಳ ಸಿದ್ಧ ಆಹಾರದಲ್ಲಿ ಮೆಲಮೈನ್ ಎಂಬ ರಾಸಾಯನಿಕ ಬೆರೆತಿದ್ದುದು ಹೊರಬಿದ್ದು, ಅಪಾರ ಪ್ರಮಾಣದ ಸರಕನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿಕೊಳ್ಳಬೇಕಾಯಿತು. ಅನೇಕ ಪ್ರಾಣಿಗಳು ಮೂತ್ರಪಿಂಡ ಕೆಟ್ಟು ಸತ್ತವು. ಒಳಗೇನಿದೆಯೆಂದು ಕಾಣದ ಪೊಟ್ಟಣಕ್ಕಿಂತ ನಮ್ಮ ಕಣ್ಣೆದುರಿನ ಪಾತ್ರೆಯೇ ಮೇಲೆಂಬ ಭಾವನೆ ಜನರಲ್ಲಿ ಬಲಿತುದು ಸಹಜವೇ ಆಗಿದೆ. ನಮ್ಮ ನಾಡಿನಲ್ಲಿ ಇದಕ್ಕೆ ಬೇರೆ ಕಾರಣಗಳೂ ಸೇರುತ್ತವೆ. ಸಿದ್ಧ ಆಹಾರದ ಬೆಲೆ ಹಲವು ಮನೆಗಳಿಗೆ ಭಾರವಾಗುತ್ತದೆ. ಮಾಂಸವನ್ನು ಒಳಗೆ ತಾರದ ಮನೆಗಳಿವೆ. ಎಲ್ಲಕ್ಕಿಂತ ಮಿಗಿಲಾಗಿ, ಮನೆಯಲ್ಲಿರುವ ಜೀವಕ್ಕೆ ಮನೆಯ ಒಲೆಯ ಮೇಲೆ ಬೆಂದದ್ದೇ ಸಲ್ಲಬೇಕೆಂಬ ಹಳೆಯ ನಂಬಿಕೆಯಿದೆ.

ಆದುದರಿಂದ ಮನೆಯೂಟವು ಬೇಕೆ ಬೇಡವೆ ಎಂಬುದು ನಮ್ಮ ಪ್ರಶ್ನೆಯಲ್ಲ. ಆ ಊಟವನ್ನು ಹೇಳಿಕೊಡುವ ಬರೆಹ ತನ್ನ ಕೆಲಸಕ್ಕೆ ತಕ್ಕ ಭಾಷೆಯನ್ನು ಕಂಡುಕೊಂಡಿದೆಯೆ ಎಂಬುದೇ ನಮ್ಮ ಪ್ರಶ್ನೆ. ಕಂಡುಕೊಂಡಿಲ್ಲವೆಂದು ನಾವು ಭಾವಿಸುತ್ತೇವೆ. ಈ ಭಾಷೆಯ ದೋಷ ನಾಯಿಯ ಎಲುಬಿನಲ್ಲಿ ಕಾಣಿಸಿಕೊಳ್ಳುವುದಾದ್ದರಿಂದ ಅದನ್ನು ಬರಿಯ ಶೈಲಿಯ ದೋಷವೆಂದು ಬಿಟ್ಟುಬಿಡುವಂತಿಲ್ಲ.

೨

ಇಂತಹ ಬರೆಹಗಳ ಸಾಮಾನ್ಯ ರೂಪವನ್ನು ತೋರಿಸಲು ನಾವೇ ಒಂದು ಮಾದರಿಯನ್ನು ಹೆಣೆದು ಕೊಡುತ್ತೇವೆ. ವಾಚಕರು ಇದನ್ನು ಎಲ್ಲಿಯೋ ಓದಿದಂತಿದೆಯೆಂದು ಅಂದುಕೊಂಡರೆ ನಮ್ಮ ಕೆಲಸ ಸರಿಯಾಗಿದೆಯೆಂದೇ ಅರ್ಥ:

“ಒಂದು ಲೋಟ ಅಕ್ಕಿ, ಅದಕ್ಕೆ ತಕ್ಕಷ್ಟು ಕೋಳಿಮಾಂಸ, ಒಂದು ಹಿಡಿ ತರಕಾರಿ, ಸ್ವಲ್ಪ ಎಣ್ಣೆ, ಎಲ್ಲವನ್ನೂ ಹದವಾಗಿ ಬೇಯಿಸಿ, ಆರಿಸಿ, ನಾಯಿಯ ಗಾತ್ರಕ್ಕೆ ಅನುಸಾರವಾಗಿ ಬಡಿಸಿರಿ. ಬೇಕೆನಿಸಿದರೆ ಜೀವಸತ್ವದ ಮಾತ್ರೆಯನ್ನೂ ಸೇರಿಸಬಹುದು.”

ಓದಲು ಹಿತವಾದ ಗದ್ಯವೆಂಬುದರಲ್ಲಿ ಸಂದೇಹವಿಲ್ಲ. ಇದರ ಒಂದೊಂದು ಪದವೂ ಮನುಷ್ಯರ ಅಡುಗೆಯ ಬರೆಹದಿಂದ ಬಂದದ್ದು. ಅಲ್ಲಿ ‘ಸ್ವಲ್ಪ’, ‘ತಕ್ಕಷ್ಟು’, ‘ಹದವಾಗಿ’ ಎಂಬ ಮಾತುಗಳು ದೋಷವಲ್ಲ, ಗುಣ. ‘ರುಚಿಗೆ ತಕ್ಕಷ್ಟು ಉಪ್ಪು’ ಎಂದು ಬರೆದ ಲೇಖಕನು ಅಳತೆಯನ್ನು ಮರೆತವನಲ್ಲ. ಅಳೆಯುವ ಹೊಣೆಯನ್ನು ಓದುಗನ ನಾಲಗೆಗೆ ಒಪ್ಪಿಸಿದವನು. ಹದವೆಂಬುದು ಕೈಗೂ ಕಣ್ಣಿಗೂ ನಾಲಗೆಗೂ ಗೊತ್ತಿರುವ ಅಳತೆ. ಉಪ್ಪು ಕಡಿಮೆಯಾದರೆ ಉಣ್ಣುವವನು ಎಲೆಯ ಮುಂದೆಯೇ ಕೇಳುತ್ತಾನೆ; ಸಾರು ನೀರಾದರೆ ಮರುದಿನ ಗಟ್ಟಿಯಾಗುತ್ತದೆ. ಮನುಷ್ಯರ ಅಡುಗೆಯ ಬರೆಹಕ್ಕೆ ಉಣ್ಣುವವನೇ ವಿಮರ್ಶಕ. ಮೇಲಾಗಿ ಅವನು ಮೂರು ಹೊತ್ತೂ ಅದೊಂದನ್ನೇ ಉಣ್ಣುವವನಲ್ಲ. ಇಂದಿನ ಹುಳಿಯಲ್ಲಿ ಇಲ್ಲದ ಸಾರ ನಾಳೆಯ ಪಲ್ಯದಲ್ಲಿ ದೊರೆತೀತು. ಮನೆಯಲ್ಲಿ ಕೊರತೆಯಾದುದು ಮದುವೆಯ ಮನೆಯಲ್ಲಿ ತುಂಬೀತು.

ನಾಯಿಯ ಸ್ಥಿತಿ ಇದಕ್ಕೆ ತೀರ ಭಿನ್ನ. ಕಟ್ಟಿ ಸಾಕಿದ ನಾಯಿಗೆ ಇರುವುದು ಒಂದೇ ತಟ್ಟೆ. ಅದರ ನಾಲಗೆ ಮಾಂಸದ ಕಂಪನ್ನು ಮೆಚ್ಚೀತೇ ಹೊರತು ಸತುವಿನ ಕೊರತೆಯನ್ನು ಹೇಳಲಾರದು. ಬಾಲವನ್ನು ಅಲ್ಲಾಡಿಸುತ್ತ ಅದು ತಟ್ಟೆಯನ್ನು ನೆಕ್ಕಿ ಬರಿದು ಮಾಡಿದಾಗ ನಾವು ಅದನ್ನು ಮೆಚ್ಚುಗೆಯ ವಿಮರ್ಶೆಯೆಂದು ಓದಿಕೊಳ್ಳುತ್ತೇವೆ. ಅದು ಹಸಿವಿನ ಮಾತು, ಪೋಷಣೆಯ ಮಾತಲ್ಲ. ಪೋಷಣೆಯ ಮಾತು ಹೊರಬರುವುದು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಬಳಿಕ. ಹೀಗಿರುವಲ್ಲಿ ಹದದ ಭಾಷೆ ತನ್ನ ಆಧಾರವನ್ನೇ ಕಳೆದುಕೊಳ್ಳುತ್ತದೆ. ಔಚಿತ್ಯವೇ ಕಾವ್ಯದ ಜೀವವೆಂದು ಕ್ಷೇಮೇಂದ್ರನು ವಾದಿಸಿದನಷ್ಟೆ. ಒಂದೆಡೆ ಅಲಂಕಾರವಾದುದು ಇನ್ನೊಂದೆಡೆ ದೋಷವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

೩

ಇದು ನಮ್ಮ ಊಹೆ ಮಾತ್ರವಲ್ಲ. ೨೦೧೩ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯ ಪಶುವೈದ್ಯ ವಿದ್ವಾಂಸರು, ಬೆಳೆದ ನಾಯಿಗಳಿಗೆಂದು ಬರೆದ ೨೦೦ ಪಾಕಗಳನ್ನು ೩೪ ಮೂಲಗಳಿಂದ ಸಂಗ್ರಹಿಸಿ ಪರೀಕ್ಷಿಸಿದರು. ಅವುಗಳಲ್ಲಿ ಶೇಕಡಾ ೯೫ರಷ್ಟು ಪಾಕಗಳಲ್ಲಿ ಅವಶ್ಯಕವಾದ ಒಂದಾದರೂ ಪೋಷಕಾಂಶವು ಬೇಕಾದ ಮಟ್ಟಕ್ಕಿಂತ ಕಡಿಮೆಯಿತ್ತು. ಶೇಕಡಾ ೮೩ರಷ್ಟರಲ್ಲಿ ಕೊರತೆಗಳು ಒಂದಕ್ಕಿಂತ ಹೆಚ್ಚಾಗಿದ್ದವು. ಕೋಲೀನ್, ‘ಡಿ’ ಮತ್ತು ‘ಇ’ ಜೀವಸತ್ವಗಳು, ಸತು ಇವುಗಳ ಅಭಾವವು ಆರೋಗ್ಯಕ್ಕೆ ಹಾನಿ ತರುವಷ್ಟಿತ್ತೆಂದು ಅವರು ಎಚ್ಚರಿಸಿದರು.

ಸಾಹಿತ್ಯದ ವಿದ್ಯಾರ್ಥಿಗಳಾದ ನಮ್ಮ ಗಮನವನ್ನು ಸೆಳೆದುದು ಅದೇ ಅಧ್ಯಯನದ ಇನ್ನೊಂದು ಅಂಕಿ. ಶೇಕಡಾ ೯೨ರಷ್ಟು ಪಾಕಗಳಲ್ಲಿ ಸೂಚನೆಗಳು ಅಸ್ಪಷ್ಟವಾಗಿದ್ದವು ಅಥವಾ ಅಪೂರ್ಣವಾಗಿದ್ದವು; ಪದಾರ್ಥವನ್ನೋ ಬೇಯಿಸುವ ಕ್ರಮವನ್ನೋ ಸೇರಿಸಬೇಕಾದ ಪೂರಕವನ್ನೋ ಪರೀಕ್ಷಕರು ತಾವೇ ಊಹಿಸಿಕೊಳ್ಳಬೇಕಾಯಿತು. ಪೋಷಣಶಾಸ್ತ್ರದ ಪರೀಕ್ಷೆಗೆ ಹೊರಟ ವಿದ್ವಾಂಸರು ಮೊದಲು ಪಾಠಶೋಧನೆಯ ಕೆಲಸವನ್ನು ಮಾಡಬೇಕಾಯಿತೆಂದರೆ ಉತ್ಪ್ರೇಕ್ಷೆಯಾಗದು. ಹಸ್ತಪ್ರತಿಯ ಲುಪ್ತ ಅಕ್ಷರಗಳನ್ನು ಊಹಿಸುವ ಸಂಪಾದಕನ ಪಾಡೇ ಅವರದು. ಸಂಪಾದಕನ ಊಹೆ ತಪ್ಪಾದರೆ ಅಡಿಟಿಪ್ಪಣಿಯೊಂದು ತಪ್ಪಾದೀತು. ಇಲ್ಲಿ ಊಹಿಸುವವಳು ಅಡುಗೆಮನೆಯ ಗೃಹಿಣಿ, ತಪ್ಪಿಗೆ ತೆರುವುದು ನಾಯಿ.

ಮೇಲಿನ ಮಾದರಿಯನ್ನೇ ಈ ದೃಷ್ಟಿಯಿಂದ ಮತ್ತೊಮ್ಮೆ ಓದೋಣ. ‘ಒಂದು ಲೋಟ ಅಕ್ಕಿ’ ಎಂದರೆ ಹಸಿಯೋ ಬೆಂದದ್ದೋ? ಬೆಂದ ಅಕ್ಕಿ ನೀರನ್ನು ಹೀರಿ ಸುಮಾರು ಮೂರರಷ್ಟಾಗುತ್ತದೆ. ಆದ್ದರಿಂದ ಒಂದು ಪದದ ಲೋಪದಿಂದ ಊಟದ ಮೂರನೆಯ ಎರಡು ಭಾಗವೇ ಮಾಯವಾಗಬಹುದು. ‘ಕೋಳಿಮಾಂಸ’ ಎಂದರೆ ಚರ್ಮವಿರುವುದೋ ಇಲ್ಲದುದೋ, ಎದೆಯದೋ ತೊಡೆಯದೋ? ಜಿಡ್ಡಿನ ಪ್ರಮಾಣ ಇದರಿಂದ ಹಲವು ಪಟ್ಟು ಬದಲಾಗುತ್ತದೆ. ‘ಗಾತ್ರಕ್ಕೆ ಅನುಸಾರವಾಗಿ’ ಎಂಬುದು ಇನ್ನೂ ಮೋಸದ ಮಾತು. ಇಮ್ಮಡಿ ತೂಕದ ನಾಯಿಗೆ ಇಮ್ಮಡಿ ಊಟವೆಂದು ಓದುಗನು ತಿಳಿಯುವುದು ಸಹಜ. ಆದರೆ ದೇಹಕ್ಕೆ ಬೇಕಾದ ಶಕ್ತಿ ತೂಕದೊಡನೆ ಸಮನಾಗಿ ಏರುವುದಿಲ್ಲ; ಅದು ತೂಕದ ಮುಕ್ಕಾಲು ಘಾತವನ್ನು ಅನುಸರಿಸುತ್ತದೆ. ಹತ್ತು ಕಿಲೊಗ್ರಾಂ ತೂಗುವ ನಾಯಿಗಿಂತ ಇಪ್ಪತ್ತು ಕಿಲೊಗ್ರಾಂ ತೂಗುವ ನಾಯಿಗೆ ಬೇಕಾದುದು ಎರಡು ಪಟ್ಟಲ್ಲ, ಸುಮಾರು ೧.೭ ಪಟ್ಟು. ಕೊನೆಯದಾಗಿ, ‘ಬೇಕೆನಿಸಿದರೆ ಜೀವಸತ್ವದ ಮಾತ್ರೆ’ ಎಂಬ ವಾಕ್ಯ. ಇಡೀ ಪಾಕದ ಪ್ರಾಣವೇ ಆ ಪೂರಕದಲ್ಲಿರುವಾಗ ಅದನ್ನು ಒಗ್ಗರಣೆಯ ಕರಿಬೇವಿನಂತೆ ಐಚ್ಛಿಕವಾಗಿಸಿರುವುದು ಈ ಬರೆಹದ ಅತ್ಯಂತ ದೊಡ್ಡ ಅನೌಚಿತ್ಯ.

೪

ಕೊರತೆ ಎಲ್ಲಿರುತ್ತದೆಂಬುದನ್ನು ಲೆಕ್ಕದಿಂದಲೇ ತೋರಿಸುವುದು ಒಳ್ಳೆಯದು. ಹತ್ತು ಕಿಲೊಗ್ರಾಂ ತೂಕದ, ಬೆಳೆದ, ಮನೆಯೊಳಗೆ ಬಾಳುವ ನಾಯಿಗೆ ದಿನಕ್ಕೆ ಸುಮಾರು ೬೦೦ ಕಿಲೊಕ್ಯಾಲೊರಿ ಬೇಕು. ಚರ್ಮವಿಲ್ಲದೆ ಬೇಯಿಸಿದ ಕೋಳಿಯ ಎದೆಮಾಂಸ ೨೦೦ ಗ್ರಾಂ, ಬೆಂದ ಅನ್ನ ೨೦೦ ಗ್ರಾಂ ಕೊಟ್ಟರೆ ಶಕ್ತಿಯ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿ ೨೦೦೬ರಲ್ಲಿ ಪ್ರಕಟಿಸಿದ ಪ್ರಮಾಣಗಳಿಗೆ ಇದನ್ನು ಹೋಲಿಸಿ ನೋಡಬಹುದು. ಪ್ರೋಟೀನು ಬೇಕಾದುದು ಸುಮಾರು ೧೫ ಗ್ರಾಂ. ಇರುವುದು ೬೫ ಗ್ರಾಂ ದಾಟುತ್ತದೆ. ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಬೇಕಾದುದು ಸುಮಾರು ೬೦೦ ಮಿಲಿಗ್ರಾಂ; ಇರುವುದು ೫೦ರ ಆಸುಪಾಸು. ರಂಜಕವೋ ಸುಮಾರು ೫೦೦ ಮಿಲಿಗ್ರಾಂ ಇದೆ. ಸುಣ್ಣವು ರಂಜಕಕ್ಕೆ ಸಮನಾಗಿಯೋ ತುಸು ಮಿಗಿಲಾಗಿಯೋ ಇರಬೇಕಾದೆಡೆ ಅದರ ಹತ್ತನೆಯ ಒಂದು ಭಾಗವಾಗಿ ಕುಳಿತಿದೆ. ಸತು ಬೇಕಾದುದು ೯ ಮಿಲಿಗ್ರಾಂ, ಇರುವುದು ೩. ಕಣ್ಣಿಗೆ ಕಾಣುವುದು ನಾಲ್ಕು ಪಟ್ಟು ಹೆಚ್ಚಾಗಿದೆ. ಕಣ್ಣಿಗೆ ಕಾಣದುದು ಹತ್ತನೆಯ ಒಂದು ಪಾಲಿಗೂ ಇಳಿದಿದೆ. ತಟ್ಟೆ ಮಾತ್ರ ತುಂಬಿ ತುಳುಕುತ್ತಿದೆ.

ಈ ಅಂಕಿಗಳ ಅರ್ಥವನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಬಂದ ನಾಯಿಮರಿಯೊಂದನ್ನು ಅಂಗಡಿಯ ಆಹಾರ ಸೋಂಕದಂತೆ ಕೋಳಿ ಮತ್ತು ಅನ್ನದಿಂದಲೇ ಬೆಳೆಸಿದೆವು. ಮೂಳೆ ಗಂಟಲಿಗೆ ಸಿಕ್ಕೀತೆಂದು ಒಂದೊಂದನ್ನೂ ಆಯ್ದು ತೆಗೆಯುತ್ತಿದ್ದೆವು. ನಾಲ್ಕನೆಯ ತಿಂಗಳಲ್ಲಿ ಮರಿ ಕುಂಟತೊಡಗಿತು, ಮುಂಗಾಲುಗಳು ಬಿಲ್ಲಿನಂತೆ ಬಾಗಿದವು, ಎತ್ತಿಕೊಂಡರೆ ಅಳುತ್ತಿತ್ತು. ಪಶುವೈದ್ಯರು ಕ್ಷಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದಾಗ ಎಲುಬು ಎಲ್ಲಿ ಮುಗಿದು ಮಾಂಸ ಎಲ್ಲಿ ಮೊದಲಾಗುವುದೆಂಬುದೇ ನಮಗೆ ತಿಳಿಯಲಿಲ್ಲ. ಅವರು ನಮ್ಮನ್ನು ಗದರಲಿಲ್ಲ. ಏನು ಹಾಕುತ್ತೀರಿ ಎಂದಷ್ಟೇ ಕೇಳಿದರು. ನಾವು ಹೆಮ್ಮೆಯಿಂದ ಹೇಳಿದೆವು. ಹೇಳುತ್ತಿದ್ದಂತೆ ಹೆಮ್ಮೆ ಇಳಿಯಿತು. ಊಟದಲ್ಲಿ ಸುಣ್ಣ ದೊರೆಯದಾಗ ದೇಹವು ರಕ್ತದ ಮಟ್ಟವನ್ನು ಕಾಪಾಡಲು ಎಲುಬಿನಿಂದಲೇ ಅದನ್ನು ಕಡ ತರುತ್ತದೆ. ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಆ ಕಡವನ್ನು ವಸೂಲು ಮಾಡುತ್ತವೆ. ಬೆಳೆಯುವ ಮರಿಗೆ, ಅದೇ ಪ್ರಮಾಣದ ಶಕ್ತಿಗೆ, ಬೆಳೆದ ನಾಯಿಗೆ ಬೇಕಾದ ಸುಣ್ಣದ ಮೂರರಷ್ಟು ಬೇಕು. ನಾವು ಅಕ್ಕರೆಯಿಂದ ಆಯ್ದು ಎಸೆದುದೇ ಅದಕ್ಕೆ ಬೇಕಾಗಿದ್ದ ವಸ್ತುವಾಗಿತ್ತು. ಅದರ ಸ್ಥಾನದಲ್ಲಿ ಬೇರೇನನ್ನೂ ಇಡಲು ನಮಗೆ ಯಾವ ಪಾಕವೂ ಹೇಳಿರಲಿಲ್ಲ. ಮರಿ ಬದುಕಿತು, ಓಡಾಡಿತು. ಕಾಲಿನ ಬಾಗು ಪೂರ್ತಿಯಾಗಿ ಹೋಗಲಿಲ್ಲ.

ಬೇಯಿಸಿದ ಮೂಳೆಯನ್ನು ಕೊಡಬಾರದೆಂಬುದು ಸರಿಯಾದ ಮಾತೇ. ಅದು ಸೀಳಿ ಕರುಳನ್ನು ಚುಚ್ಚಬಹುದು. ಮೊಟ್ಟೆಯ ಚಿಪ್ಪನ್ನು ನುಣ್ಣಗೆ ಪುಡಿಮಾಡಿದರೆ ಅದರ ತೂಕದಲ್ಲಿ ಶೇಕಡಾ ೩೮ರಷ್ಟು ಕ್ಯಾಲ್ಸಿಯಂ ಇರುತ್ತದೆ; ಮೇಲೆ ಹೇಳಿದ ಊಟಕ್ಕೆ ಒಂದೂವರೆ ಗ್ರಾಮಿನಷ್ಟು ಪುಡಿ ಸುಣ್ಣದ ಲೆಕ್ಕವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಆದರೆ ಸತು, ತಾಮ್ರ, ಅಯೊಡಿನ್, ಕೋಲೀನ್, ಜೀವಸತ್ವಗಳು ಚಿಪ್ಪಿನಿಂದ ಬರುವುದಿಲ್ಲ. ಹೆಚ್ಚಿದರೆ ಹಿತವೆಂದು ಕೈಗೆ ಬಂದಷ್ಟು ಹಾಕುವುದೂ ಸಲ್ಲದು. ದೊಡ್ಡ ತಳಿಯ ಮರಿಗಳಲ್ಲಿ ಸುಣ್ಣದ ಅತಿಯಿಂದಲೂ ಎಲುಬು ಕೆಡುತ್ತದೆ. ಕೊರತೆಗೆ ಅಳತೆ ಬೇಕಾದಂತೆ ಪರಿಹಾರಕ್ಕೂ ಅಳತೆ ಬೇಕು.

೫

ಈ ಬರೆಹಗಳು ಅಳತೆಯ ಅಭಾವವನ್ನು ತುಂಬಿಕೊಳ್ಳುವುದು ವಾದಗಳಿಂದ. ಮುಖ್ಯವಾದ ಮೂರು ವಾದಗಳನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲನೆಯದು ತೋಳದ ವಾದ. ನಾಯಿ ತೋಳದ ವಂಶದ್ದು. ಆದುದರಿಂದ ಅದಕ್ಕೆ ಮಾಂಸವೇ, ಅದೂ ಹಸಿಯ ಮಾಂಸವೇ, ಸಹಜವಾದ ಆಹಾರ. ಧಾನ್ಯ ಕೂಡದು ಎಂಬುದು ಇದರ ಸಾರ. ವಂಶದ ಮಾತು ನಿಜ, ತೀರ್ಮಾನ ನಿಜವಲ್ಲ. ೨೦೧೩ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟಂತೆ, ಪಿಷ್ಟವನ್ನು ಅರಗಿಸುವ ಕಿಣ್ವದ ಜೀನು ತೋಳದಲ್ಲಿ ಎರಡೇ ಪ್ರತಿಗಳಲ್ಲಿದ್ದರೆ ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇದೆ. ಮನುಷ್ಯನ ಒಲೆಯ ಬಳಿ ಸಾವಿರಾರು ವರ್ಷ ಕುಳಿತ ಪ್ರಾಣಿ ಆ ಒಲೆಯ ಗಂಜಿಯನ್ನು ಅರಗಿಸಲು ಕಲಿತಿದೆ. ಮೇಲಾಗಿ ತೋಳವು ತಿನ್ನುವುದು ಬರಿಯ ಮಾಂಸಖಂಡವನ್ನಲ್ಲ; ಎಲುಬು, ಯಕೃತ್ತು, ಕರುಳು ಸಹಿತವಾದ ಇಡೀ ಬೇಟೆಯನ್ನು. ಎದೆಮಾಂಸದ ತುಂಡನ್ನು ತಟ್ಟೆಗಿಟ್ಟು ತೋಳದ ಹೆಸರನ್ನು ಹೇಳುವುದು ಒಂದು ಪದ್ಯವನ್ನು ಓದಿ ಮಹಾಕಾವ್ಯವನ್ನು ಓದಿದೆವೆಂದಂತೆ.

ಎರಡನೆಯದು ಅಜ್ಜಿಯ ವಾದ. ಇದು ನಮ್ಮ ನಾಡಿನದು, ನಮಗೆ ಪ್ರಿಯವಾದದ್ದು. ಆದ್ದರಿಂದಲೇ ಹೆಚ್ಚು ಎಚ್ಚರಿಕೆಯಿಂದ ನೋಡಬೇಕಾದದ್ದು. ನಮ್ಮ ಅಜ್ಜಿಯ ಕಾಲದ ನಾಯಿ ಮುದ್ದೆಯನ್ನೂ ಮಜ್ಜಿಗೆ ಅನ್ನವನ್ನೂ ಜೋಳದ ರೊಟ್ಟಿಯನ್ನೂ ತಿಂದು ಗಟ್ಟಿಯಾಗಿರಲಿಲ್ಲವೆ ಎಂದು ಕೇಳುತ್ತಾರೆ. ಇದ್ದಿರಬಹುದು. ಆ ನಾಯಿ ಹಿತ್ತಲಿನಲ್ಲಿ ಇಲಿಯನ್ನು ಹಿಡಿಯುತ್ತಿತ್ತು, ಊರ ಹೊರಗೆ ಎಲುಬನ್ನು ಕಡಿಯುತ್ತಿತ್ತು, ನಾಲ್ಕು ಮನೆಗಳ ಬಾಗಿಲಲ್ಲಿ ನಿಲ್ಲುತ್ತಿತ್ತು. ಅಜ್ಜಿ ಹಾಕಿದ ಮುದ್ದೆ ಅದರ ಊಟದ ಒಂದು ಭಾಗ. ಉಳಿದುದನ್ನು ಅದು ತಾನೇ ಸಂಪಾದಿಸಿಕೊಳ್ಳುತ್ತಿತ್ತು. ಗಟ್ಟಿಯಾಗಿದ್ದವು ನಮ್ಮ ನೆನಪಿನಲ್ಲಿ ಉಳಿದವು. ಗಟ್ಟಿಯಾಗದವು ಮರಿಗಳಾಗಿದ್ದಾಗಲೇ ಸತ್ತವು ಎಂಬುದನ್ನೂ ಮರೆಯಬಾರದು. ಇಂದಿನ ಮೂರನೆಯ ಮಹಡಿಯ ಮನೆಯ ನಾಯಿಗೆ ಎರಡನೆಯ ಬಾಗಿಲಿಲ್ಲ. ಹಳೆಯ ಊಟವನ್ನು ಉಳಿಸಿಕೊಂಡು ಹಳೆಯ ಸ್ವಾತಂತ್ರ್ಯವನ್ನು ಕಿತ್ತುಕೊಂಡ ಮೇಲೆ, ಆ ಸ್ವಾತಂತ್ರ್ಯವು ಒದಗಿಸುತ್ತಿದ್ದುದನ್ನು ನಾವೇ ತಟ್ಟೆಗೆ ತರಬೇಕಲ್ಲವೆ?

ಅಜ್ಜಿಯ ಊಟದ ಗುಣವನ್ನು ನಾವು ಅಲ್ಲಗಳೆಯುವವರಲ್ಲ. ೩೦೦ ಗ್ರಾಂ ಅನ್ನಕ್ಕೆ ೩೦೦ ಗ್ರಾಂ ಮೊಸರು ಕಲಸಿದರೆ ಸುಮಾರು ೪೦೦ ಮಿಲಿಗ್ರಾಂ ಕ್ಯಾಲ್ಸಿಯಂ ಸಿಕ್ಕುತ್ತದೆ. ಈ ಒಂದು ವಿಷಯದಲ್ಲಿ ಮೊಸರನ್ನವು ಕೋಳಿಯನ್ನವನ್ನು ಬಹು ದೂರ ಹಿಂದಿಕ್ಕುತ್ತದೆ. ರಾಗಿ ಇನ್ನೂ ಮೇಲು. ನೂರು ಗ್ರಾಂ ರಾಗಿಯಲ್ಲಿ ೩೫೦ ಮಿಲಿಗ್ರಾಮಿನಷ್ಟಿದೆ. ಆದರೆ ಧಾನ್ಯದಲ್ಲಿರುವ ಫೈಟೇಟ್ ಎಂಬ ವಸ್ತು ಸುಣ್ಣವನ್ನೂ ಸತುವನ್ನೂ ಹಿಡಿದಿಟ್ಟುಕೊಂಡು ದೇಹಕ್ಕೆ ಪೂರ್ತಿಯಾಗಿ ಬಿಟ್ಟುಕೊಡದು. ಮೊಸರನ್ನದಲ್ಲಿ ಪ್ರೋಟೀನು ಅಂಚಿನಲ್ಲಿದೆ, ಸತು ಬೇಕಾದುದರ ಮೂರನೆಯ ಒಂದು ಭಾಗ ಮಾತ್ರ. ಮನೆಯಲ್ಲಿ ಮಿಕ್ಕಿದ ಹುಳಿಯನ್ನೋ ಸಾರನ್ನೋ ಅದಕ್ಕೆ ಬೆರೆಸಿದರಂತೂ ಈರುಳ್ಳಿ ಬೆಳ್ಳುಳ್ಳಿಗಳು ಬಂದು ಸೇರುತ್ತವೆ. ಅವು ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡವನ್ನೇ ಕೆಡಿಸಬಲ್ಲದು.

ಗಂಜಿ ರೊಟ್ಟಿಗಳಷ್ಟರಿಂದಲೇ ಬೆಳೆದ ನಾಯಿಗೆ ಏನಾಗುವುದೆಂಬುದಕ್ಕೆ ಚರಿತ್ರೆಯ ಸಾಕ್ಷ್ಯವಿದೆ. ೧೯೧೯ರಲ್ಲಿ ಎಡ್ವರ್ಡ್ ಮೆಲ್ಲನ್‌ಬಿ ಎಂಬ ಆಂಗ್ಲ ವಿಜ್ಞಾನಿ ನಾಯಿಮರಿಗಳಿಗೆ ಧಾನ್ಯವೇ ಪ್ರಧಾನವಾದ ಆಹಾರವನ್ನು ಕೊಟ್ಟು ಅವುಗಳಲ್ಲಿ ರಿಕೆಟ್ಸ್ ರೋಗ ಹುಟ್ಟುವುದನ್ನೂ, ಕಾಡ್ ಮೀನಿನ ಯಕೃತ್ತಿನ ಎಣ್ಣೆಯಿಂದ ಅದು ತಪ್ಪುವುದನ್ನೂ ತೋರಿಸಿದನು. ಮಕ್ಕಳ ಮೆದುಮೂಳೆಯ ರೋಗಕ್ಕೆ ಮದ್ದು ದೊರೆತದ್ದು ಹೀಗೆ, ನಾಯಿಯ ತಟ್ಟೆಯಿಂದ. ಬಿಸಿಲಿಗೆ ಬಿಟ್ಟರೆ ‘ಡಿ’ ಜೀವಸತ್ವ ತಾನಾಗಿ ಬರುವುದೆಂಬ ಮಾತು ನಮಗೆ ಸಲ್ಲುತ್ತದೆ, ನಾಯಿಗೆ ಸಲ್ಲದು. ಅದರ ಚರ್ಮ ಅದನ್ನು ಸಾಕಷ್ಟು ತಯಾರಿಸಲಾರದು. ೧೯೩೭ರಲ್ಲಿ ಅಮೆರಿಕದ ವಿಸ್ಕಾನ್‌ಸಿನ್ನಿನಲ್ಲಿ ಎಲ್ವೆಜೆಮ್ ಮತ್ತು ಸಂಗಡಿಗರು ನಾಯಿಯ ಕಪ್ಪುನಾಲಗೆ ರೋಗವನ್ನು ನಿಕೋಟಿನಿಕ್ ಆಮ್ಲದಿಂದ ಗುಣಪಡಿಸಿದರು; ಮನುಷ್ಯರ ಪೆಲ್ಲಾಗ್ರ ರೋಗಕ್ಕೂ ಅದೇ ಮದ್ದಾಯಿತು. ನಮಗೆ ಇನ್ನೂ ಹತ್ತಿರದ ಸಾಕ್ಷ್ಯ ಹೈದರಾಬಾದಿನದು. ಅಲ್ಲಿಯ ಪೋಷಣಾ ಸಂಶೋಧನಾಲಯದ ಬೆಳವಡಿ ಮತ್ತು ಗೋಪಾಲನ್ ಅವರು, ಜೋಳವನ್ನೊಳಗೊಂಡ ಆಹಾರವನ್ನು ತಿನ್ನಿಸಿದ ನಾಯಿಗಳಲ್ಲಿ ಕಪ್ಪುನಾಲಗೆ ರೋಗ ಕಾಣಿಸಿಕೊಂಡುದನ್ನು ೧೯೬೫ರಲ್ಲಿ ವರದಿ ಮಾಡಿದರು. ಜೋಳದ ರೊಟ್ಟಿಯನ್ನುಂಡು ಬೆಳೆದ ನಮ್ಮ ಉತ್ತರದ ಜಿಲ್ಲೆಗಳವರಿಗೆ ಇದು ಕೇಳಲು ಕಹಿಯಾದರೂ ತಿಳಿದಿರಬೇಕಾದ ಸಂಗತಿ. ದೋಷ ಜೋಳದ್ದಲ್ಲ, ಅದನ್ನೇ ಸರ್ವಸ್ವವೆಂದು ಬಗೆಯುವುದರದು.

ಮೂರನೆಯದು ವೈವಿಧ್ಯದ ವಾದ. ಒಂದು ಪಾಕದಲ್ಲಿ ಕೊರತೆಯಿದ್ದರೇನು, ದಿನಕ್ಕೊಂದು ಪಾಕವನ್ನು ಬದಲಾಯಿಸುತ್ತ ಹೋದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುವುದೆಂದು ಹೇಳ್ತಾರೆ ಈ ಲೇಖಕರು. ಮಾತು ಜಾಣತನದ್ದು. ಆದರೆ ಡೇವಿಸ್ಸಿನ ವಿದ್ವಾಂಸರು ಕಂಡಂತೆ, ಹಲವು ಪಾಕಗಳ ಕೊರತೆಗಳು ಒಂದೇ ಆಗಿದ್ದವು. ಒಂದೇ ಮೂಲಪ್ರತಿಯಿಂದ ಹುಟ್ಟಿದ ಹತ್ತು ನಕಲುಗಳನ್ನು ಹೋಲಿಸಿದರೂ ಮೂಲದಲ್ಲಿ ಬಿಟ್ಟುಹೋದ ಪದ್ಯ ದೊರೆಯದೆಂಬುದನ್ನು ಹಸ್ತಪ್ರತಿಗಳಲ್ಲಿ ಕೆಲಸ ಮಾಡಿದವರು ಬಲ್ಲರು. ಕೋಳಿಯ ಬದಲು ಕುರಿ, ಅನ್ನದ ಬದಲು ಗೆಣಸು, ಕ್ಯಾರೆಟ್ಟಿನ ಬದಲು ಹುರುಳಿಕಾಯಿ. ಬಣ್ಣ ಬದಲಾಗುತ್ತದೆ, ಇಲ್ಲದಿರುವುದು ಇಲ್ಲದೆಯೇ ಉಳಿಯುತ್ತದೆ.

೬

ಹಾಗಾದರೆ ಒಳ್ಳೆಯ ಪಾಕಬರೆಹದ ಲಕ್ಷಣಗಳಾವುವು? ಅದು ಮೊದಲು ತನ್ನ ಓದುಗನನ್ನಲ್ಲ, ಉಣ್ಣುವ ನಾಯಿಯನ್ನು ಹೆಸರಿಸಬೇಕು: ಎಷ್ಟು ತೂಕದ್ದು, ಮರಿಯೋ ಬೆಳೆದದ್ದೋ, ಬಸುರಿಯೋ, ರೋಗವುಳ್ಳದ್ದೋ. ಒಟ್ಟು ಎಷ್ಟು ಕಿಲೊಕ್ಯಾಲೊರಿ ಎಂಬುದನ್ನು ಹೇಳಬೇಕು. ಪದಾರ್ಥಗಳನ್ನು ಲೋಟ ಹಿಡಿಗಳಲ್ಲಿ ಅಲ್ಲ, ಗ್ರಾಮುಗಳಲ್ಲಿ ಕೊಡಬೇಕು. ಆ ತೂಕ ಹಸಿಯದೋ ಬೆಂದದ್ದೋ ಎಂದು ತಿಳಿಸಬೇಕು. ಮಾಂಸದ ಯಾವ ಭಾಗ, ಯಾವ ಎಣ್ಣೆ, ಯಾವ ಉಪ್ಪು ಎಂದು ಬಿಡಿಸಿ ಹೇಳಬೇಕು. ಪೂರಕವನ್ನು ಹೆಸರು, ತೂಕ ಸಹಿತವಾಗಿ ಪಾಕದ ಅಂಗವೆಂದೇ ಬರೆಯಬೇಕು. ಅದಿಲ್ಲದೆ ಪಾಕವೇ ಇಲ್ಲವೆಂದು ಸ್ಪಷ್ಟಪಡಿಸಬೇಕು. ಯಾವುದನ್ನು ಬದಲಾಯಿಸಬಾರದೆಂದು ಎಚ್ಚರಿಸಬೇಕು. ಇದನ್ನು ಯಾರು, ಯಾವ ಪ್ರಮಾಣಕ್ಕೆ ಹೋಲಿಸಿ ಲೆಕ್ಕ ಹಾಕಿದರೆಂಬುದನ್ನು ಮುಚ್ಚಿಡಬಾರದು. ಎಷ್ಟು ಕಾಲದ ಮೇಲೆ ನಾಯಿಯನ್ನು ತೂಗಿ ಪಶುವೈದ್ಯರಿಗೆ ತೋರಿಸಬೇಕೆಂಬುದನ್ನು ಸೇರಿಸಬೇಕು.

ಇದು ಒಣ ಗದ್ಯವೆಂದು ಯಾರಾದರೂ ಆಕ್ಷೇಪಿಸಬಹುದು. “ಹತ್ತು ಕಿಲೊಗ್ರಾಂ ತೂಕದ, ಬೆಳೆದ, ಆರೋಗ್ಯವಂತ ನಾಯಿಗೆ ಒಂದು ದಿನಕ್ಕೆ: ಚರ್ಮವನ್ನೂ ಮೂಳೆಯನ್ನೂ ತೆಗೆದ ಕೋಳಿಯ ಎದೆಮಾಂಸ, ಬೆಂದ ಮೇಲಿನ ತೂಕ ೨೦೦ ಗ್ರಾಂ” ಎಂದು ಮೊದಲಾಗುವ ವಾಕ್ಯದಲ್ಲಿ ಅಜ್ಜಿಯ ಕೈಯ ಕಂಪಿಲ್ಲ ನಿಜ. ಆದರೆ ಮಾತಾಡಲಾರದ ಜೀವವೊಂದನ್ನು ಎದುರಿಗೆ ಇಟ್ಟುಕೊಂಡು, ಅದು ಕೇಳಲಾರದ ಪ್ರಶ್ನೆಗಳನ್ನೆಲ್ಲ ಅದರ ಪರವಾಗಿ ಕೇಳಿ ಉತ್ತರಿಸಿರುವ ಗದ್ಯವಿದು. ‘ಸ್ವಲ್ಪ’ ಎಂಬ ಮಾತಿನಲ್ಲಿ ಬರೆಯುವವನ ಆರಾಮವಿದೆ. ‘೨೦೦ ಗ್ರಾಂ’ ಎಂಬ ಮಾತಿನಲ್ಲಿ ಉಣ್ಣುವವನ ಚಿಂತೆಯಿದೆ. ಇವೆರಡರಲ್ಲಿ ಅಕ್ಕರೆ ಯಾವುದರದೆಂದು ಸಹೃದಯರೇ ನಿರ್ಣಯಿಸಲಿ.

ಅಕ್ಕರೆಯನ್ನು ಅಳತೆಯಲ್ಲಿ ಬರೆಯುವುದು ಕನ್ನಡಕ್ಕೆ ಹೊಸತೂ ಅಲ್ಲ. ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಸುಮಾರು ೯೪೯–೫೦ರದು. ತಕ್ಕೋಲದ ಯುದ್ಧದ ಬಳಿಕ ಮಣಲೇರನೆಂಬ ವೀರನು ಮೆಚ್ಚುಗೊಡುಗೆಯಾಗಿ ಬೇಡಿ ಪಡೆದುದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ ಹಂದಿಯೊಡನೆಯೇ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು. ಆ ಕಲ್ಲು ನಾಯಿಯ ಗುಣಗಾನದಲ್ಲಿಯೇ ನಿಲ್ಲುವುದಿಲ್ಲ. ಪೂಜೆಗೆಂದು ಬಿಟ್ಟ ನೆಲ ಎರಡು ಖಂಡುಗವೆಂದು ಅಳೆದು ಹೇಳುತ್ತದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದೂ ಕಟ್ಟಳೆ ಮಾಡುತ್ತದೆ. ಸತ್ತ ನಾಯಿಗೆ ಸಲ್ಲಬೇಕಾದುದನ್ನು ‘ಸ್ವಲ್ಪ’ವೆಂದು ಬರೆದು ಬಿಡಲು ಆ ಶಾಸನವನ್ನು ಬರೆಯಿಸಿದವರಿಗೆ ಮನಸ್ಸು ಬರಲಿಲ್ಲ. ಬದುಕಿರುವ ನಾಯಿಯ ಊಟವನ್ನು ಬರೆಯುವವರು ಅಷ್ಟು ಮಟ್ಟಿನ ಎಚ್ಚರವನ್ನು ತೋರಿಸಿದರೆ ಸಾಕು. ನಾವು ಅದಕ್ಕಿಂತ ಹೆಚ್ಚನ್ನು ಕೇಳುವುದಿಲ್ಲ.